ಪಾಸ್ಖದ ತತ್ತಿ: ಒಂದು ಅಗ್ಗದ ಕಾಣಿಕೆಯ ಇತಿಹಾಸ



ಒಂದು ದೇವಾಲಯಕ್ಕೆ ನೂರು ವರ್ಷ ತುಂಬುವುದೆಂದರೆ ಅದು ಸಾಮಾನ್ಯ ಸಂಗತಿಯಲ್ಲ. ಅಡಿಗಲ್ಲನ್ನಿಟ್ಟವರು, ಗೋಪುರವನ್ನು ಎತ್ತಿಸಿದವರು, ಗಂಟೆಯನ್ನು ತರಿಸಿದವರು, ಇವರೆಲ್ಲರ ಹೆಸರುಗಳು ಇಂತಹ ಸ್ಮರಣ ಸಂಚಿಕೆಯ ಪುಟಗಳನ್ನು ಅಲಂಕರಿಸುವುದು ನ್ಯಾಯವೇ ಸರಿ. ಆದರೆ ಆ ನೂರು ವರ್ಷಗಳ ಕಾಲ ದೇವಾಲಯದ ಅಂಗಳದಲ್ಲಿ ಓಡಾಡಿದ ಮಕ್ಕಳ ಇತಿಹಾಸವನ್ನು ಬರೆದವರು ವಿರಳ. ಮಕ್ಕಳು ಯಾವ ಆಟವನ್ನಾಡಿದರು, ಹಬ್ಬದ ದಿನ ಅವರ ಕೈಗೆ ಏನು ಸಿಕ್ಕಿತು, ಯಾರ ಕೈ ಬರಿದಾಗಿಯೇ ಉಳಿಯಿತು ಎಂಬುದನ್ನು ಯಾವ ದಾಖಲೆಯ ಪುಸ್ತಕವೂ ಹೇಳುವುದಿಲ್ಲ. ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದು ಸೀಮೆಯಿಂದ ಈ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಕರೆ ಬಂದಾಗ ನಾವು ಆರಿಸಿಕೊಂಡ ವಿಷಯ ಬಹಳ ಚಿಕ್ಕದು. ಅದು ಪಾಸ್ಖ ಹಬ್ಬದ ಬೆಳಗ್ಗೆ ಮಕ್ಕಳು ಹುಡುಕುವ ತತ್ತಿ.

ಹಾಗೆ ಆರಿಸಿಕೊಂಡುದಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ದೂರದ ಪಟ್ಟಣವೊಂದರಲ್ಲಿ ಈಸ್ಟರ್ ಹಬ್ಬದಂದು ಮಕ್ಕಳಿಗಾಗಿ ತತ್ತಿ ಹುಡುಕುವ ಆಟವನ್ನು ಏರ್ಪಡಿಸಿದವರಲ್ಲಿ ನಾವೂ ಇದ್ದೆವು. ಪೇಟೆಯಿಂದ ಬಣ್ಣಬಣ್ಣದ ಪ್ಲಾಸ್ಟಿಕ್ ತತ್ತಿಗಳನ್ನೂ ಅವುಗಳೊಳಗೆ ಇಡಲು ಬೆಲೆಬಾಳುವ ಚಾಕೊಲೇಟುಗಳನ್ನೂ ತರಿಸಿದ್ದೆವು. ಖರ್ಚು ಅಧಿಕವಾದುದರಿಂದ ಮಗುವೊಂದಕ್ಕೆ ಇಷ್ಟೆಂದು ಚಂದಾ ಗೊತ್ತುಪಡಿಸಿದೆವು. ಶಿಳ್ಳೆ ಊದಿದ ಐದೇ ನಿಮಿಷಗಳಲ್ಲಿ ದೊಡ್ಡ ಹುಡುಗರ ಚೀಲಗಳು ತುಂಬಿಹೋದವು. ಚಿಕ್ಕವರು ಅಳುತ್ತ ತಾಯಂದಿರ ಸೆರಗು ಹಿಡಿದರು. ಬಿಸಿಲಿಗೆ ಚಾಕೊಲೇಟು ಕರಗಿ ಹಬ್ಬದ ಬಟ್ಟೆಗೆಲ್ಲ ಮೆತ್ತಿಕೊಂಡಿತು. ಇದೆಲ್ಲವನ್ನೂ ಮರೆಯಬಹುದಾಗಿತ್ತು. ಆದರೆ ಚಂದಾ ಕೊಡಲಾರದ ಇಬ್ಬರು ಮಕ್ಕಳು ಬೇಲಿಯಾಚೆ ನಿಂತು ಆಟ ಮುಗಿಯುವವರೆಗೂ ನೋಡುತ್ತಿದ್ದುದನ್ನು ನಾವು ಕಂಡೆವು. ಕಂಡೂ ಆ ಗಳಿಗೆಯಲ್ಲಿ ಅವರನ್ನು ಒಳಗೆ ಕರೆಯಲಿಲ್ಲ. ಆ ನೋಟವೇ ನಮ್ಮನ್ನು ಈ ಪದ್ಧತಿಯ ಇತಿಹಾಸವನ್ನು ಕೆದಕುವಂತೆ ಮಾಡಿತು. ಕೆದಕಿದಾಗ ತಿಳಿದುಬಂದುದೇನೆಂದರೆ, ಪಾಸ್ಖದ ತತ್ತಿಯು ಸಿರಿವಂತರ ಆಟಿಕೆಯಾಗಿ ಹುಟ್ಟಿದುದಲ್ಲ. ಅದು ಉಪವಾಸವಿದ್ದವರು ಉಳಿಸಿ ಹಂಚಿದ ಬಡವರ ಕಾಣಿಕೆ.

ಎರಡು ಊರುಗಳು, ಒಂದು ಎಳೆಯ ಸಭೆ

ಮೊದಲು ನಮ್ಮ ಸೀಮೆಯ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಡುವುದು ಉಚಿತ. ಬಸವಕಲ್ಯಾಣವು 11ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನ ಕಾಲದಿಂದ ಚಾಲುಕ್ಯರ ರಾಜಧಾನಿಯಾಗಿ ಮೆರೆದ ಊರು. 12ನೆಯ ಶತಮಾನದಲ್ಲಿ ಬಸವಣ್ಣನವರೂ ಅವರ ಸಂಗಡಿಗರಾದ ಶರಣರೂ ದುಡಿದು ಉಣ್ಣುವ ಕಾಯಕವನ್ನೂ ಹಂಚಿ ಉಣ್ಣುವ ದಾಸೋಹವನ್ನೂ ಬೋಧಿಸಿ ಬಾಳಿದ ನೆಲ ಅದು. ಹುಮನಾಬಾದು ಪುಣೆ–ಹೈದರಾಬಾದು ಹೆದ್ದಾರಿಯ ಮೇಲಿನ ಊರು. ವೀರಭದ್ರೇಶ್ವರನ ಜಾತ್ರೆಗೂ ಸಮೀಪದಲ್ಲಿರುವ ಮಾಣಿಕನಗರದ ಮಾಣಿಕಪ್ರಭುಗಳ ಸಂಸ್ಥಾನಕ್ಕೂ ಅದು ಹೆಸರಾಗಿದೆ. 1948ರ ಸೆಪ್ಟೆಂಬರಿನವರೆಗೆ ಈ ಪ್ರದೇಶವು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದಿತು. 1956ರ ನವೆಂಬರ್ 1ರಂದು ಅದು ಅಂದಿನ ಮೈಸೂರು ರಾಜ್ಯವನ್ನು ಸೇರಿತು.

ಧರ್ಮಸಭೆಯ ಆಡಳಿತದಲ್ಲಿಯೂ ಈ ಸೀಮೆಯು ಬಹುಕಾಲ ಹೈದರಾಬಾದಿನ ಕಡೆಗೇ ಮುಖ ಮಾಡಿದ್ದಿತು. 1851ರಲ್ಲಿ ಹೈದರಾಬಾದು ಪ್ರತ್ಯೇಕ ವಿಕಾರಿಯೇಟ್ ಆಯಿತು. 1886ರಲ್ಲಿ ಧರ್ಮಕ್ಷೇತ್ರವೂ 1953ರಲ್ಲಿ ಮಹಾಧರ್ಮಕ್ಷೇತ್ರವೂ ಆಗಿ ಅದು ಬೆಳೆಯಿತು. 2005ರಲ್ಲಿ ಗುಲ್ಬರ್ಗಾ ಧರ್ಮಕ್ಷೇತ್ರವು ಸ್ಥಾಪಿತವಾದಾಗ ಬೀದರ ಜಿಲ್ಲೆಯು ಅದರ ಅಂಗವಾಯಿತು. ಈ ಜಿಲ್ಲೆಯಲ್ಲಿ ನಮಗಿಂತ ಮೊದಲು ಬೇರೂರಿ ಬೆಳೆದವರು ನಮ್ಮ ಮೆಥಡಿಸ್ಟ್ ಸೋದರರು. ಕಥೋಲಿಕರ ಸಂಖ್ಯೆ ಇಂದಿಗೂ ಬಹು ಚಿಕ್ಕದು. ನೂರು ವರ್ಷದ ದೇವಾಲಯದ ಮುಂದೆ ನಮ್ಮದು ಮೊಳಕೆಯೊಡೆದ ಸಸಿ ಮಾತ್ರ.

ಇಲ್ಲಿಯ ಭಾಷೆಯ ವಿಷಯವನ್ನೂ ಹೇಳಬೇಕು. ದಕ್ಷಿಣದವರು ಮೊಟ್ಟೆಯೆಂದು ಕರೆಯುವುದನ್ನು ನಾವು ತತ್ತಿ ಎನ್ನುತ್ತೇವೆ. ಇಲ್ಲಿಯ ಬಜಾರದಲ್ಲಿ ಮರಾಠಿಯವರು ಅದನ್ನೇ ಅಂಡೆ ಎಂದೂ ಉರ್ದು ಮಾತನಾಡುವವರು ಅಂಡಾ ಎಂದೂ ತೆಲುಗರು ಗುಡ್ಡು ಎಂದೂ ಕೇಳುತ್ತಾರೆ. ನಾಲ್ಕು ಹೆಸರುಗಳಿಂದ ಕೇಳಿದರೂ ಅಂಗಡಿಯವನು ಕೊಡುವ ವಸ್ತು ಒಂದೇ. ಈ ಮಾತು ಮುಂದೆ ನಮ್ಮ ಉಪಯೋಗಕ್ಕೆ ಬರುತ್ತದೆ.

ಶುಭಸಂದೇಶದಲ್ಲಿ ಬರುವ ಒಂದೇ ಒಂದು ತತ್ತಿ

ಪಾಸ್ಖ ಹಬ್ಬದಲ್ಲಿ ತತ್ತಿಗೆ ಇಷ್ಟು ಮಹತ್ವವಿದ್ದರೂ ಪ್ರಭುವಿನ ಪುನರುತ್ಥಾನದ ವೃತ್ತಾಂತಗಳಲ್ಲಿ ಎಲ್ಲಿಯೂ ತತ್ತಿಯ ಮಾತಿಲ್ಲ. ನಾಲ್ಕು ಶುಭಸಂದೇಶಗಳನ್ನು ಆಮೂಲಾಗ್ರವಾಗಿ ಓದಿದರೆ ತತ್ತಿಯು ಒಮ್ಮೆ ಮಾತ್ರ ಕಾಣಿಸುತ್ತದೆ. ಸಂತ ಲೂಕರು ಬರೆದ ಶುಭಸಂದೇಶದ 11ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು ಪ್ರಾರ್ಥನೆಯ ವಿಷಯವಾಗಿ ಬೋಧಿಸುತ್ತ, ತತ್ತಿಯನ್ನು ಬೇಡಿದ ಮಗನಿಗೆ ಚೇಳನ್ನು ಕೊಡುವ ತಂದೆಯುಂಟೇ ಎಂದು ಪ್ರಶ್ನಿಸುತ್ತಾರೆ. ಅಲ್ಲಿ ತತ್ತಿಯು ಅಲಂಕಾರದ ವಸ್ತುವಲ್ಲ, ಹಬ್ಬದ ತಿಂಡಿಯೂ ಅಲ್ಲ. ಅದು ಹಸಿದ ಮಗು ತನ್ನ ತಂದೆಯನ್ನು ಬೇಡುವ ದಿನನಿತ್ಯದ ಆಹಾರ. ಈ ಭಾಗವನ್ನು ವಿವರಿಸುತ್ತ ಸಂತ ಅಗಸ್ಟೀನರು ತತ್ತಿಯು ಭರವಸೆಯ ಗುರುತೆಂದು ಬೋಧಿಸಿದರು. ತತ್ತಿಯು ಇನ್ನೂ ಮರಿಯಾಗಿಲ್ಲ, ಮುಂದೆ ಆಗಲಿದೆ. ಭರವಸೆಯ ಲಕ್ಷಣವೂ ಅದೇ ಅಲ್ಲವೇ?

ಮುಚ್ಚಿದ ಚಿಪ್ಪು ಮುಚ್ಚಿದ ಸಮಾಧಿಯನ್ನೂ, ಒಡೆದು ಹೊರಬರುವ ಮರಿ ಪುನರುತ್ಥಾನವನ್ನೂ ನೆನಪಿಗೆ ತರುತ್ತದೆಂಬ ವಿವರಣೆಯನ್ನು ನಾವೆಲ್ಲರೂ ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದೇವೆ. ಪೂರ್ವ ದೇಶಗಳ ಸಭೆಗಳಲ್ಲಿ ತತ್ತಿಗೆ ಕೆಂಪು ಬಣ್ಣವನ್ನೇ ಹಚ್ಚುವ ರೂಢಿಯುಂಟು. ಆ ಕೆಂಪು ಪ್ರಭು ಕ್ರಿಸ್ತರು ಸುರಿಸಿದ ರಕ್ತದ ಕುರುಹು. ಇವೆಲ್ಲವೂ ಸುಂದರವಾದ ಅರ್ಥಗಳೇ. ಆದರೆ ತತ್ತಿಯು ಹಬ್ಬದ ಬುಟ್ಟಿಯನ್ನು ಸೇರಿದ ಬಗೆಯನ್ನು ತಿಳಿಯಬೇಕಾದರೆ ನಾವು ಅಡಿಗೆಮನೆಯತ್ತ ನೋಡಬೇಕು.

ಉಪವಾಸದಲ್ಲಿ ಉಳಿದ ತತ್ತಿ

ಹಿಂದಿನ ಕಾಲದ ತಪಸ್ಸುಕಾಲವು ಇಂದಿನಷ್ಟು ಸುಲಭವಾಗಿರಲಿಲ್ಲ. ಮಾಂಸವನ್ನು ಮಾತ್ರವಲ್ಲದೆ ಪ್ರಾಣಿಗಳಿಂದ ದೊರೆಯುವ ತತ್ತಿ, ಹಾಲು, ಬೆಣ್ಣೆ, ಗಿಣ್ಣುಗಳನ್ನೂ ಬಿಡಬೇಕಾಗಿದ್ದಿತು. ಕ್ರಿ.ಶ. 692ರಲ್ಲಿ ಕಾನ್‌ಸ್ಟಾಂಟಿನೋಪಲಿನ ಟ್ರುಲ್ಲೋ ಮಂದಿರದಲ್ಲಿ ನೆರೆದ ಸಭೆಯು, ತಪಸ್ಸುಕಾಲದ ಶನಿವಾರ ಭಾನುವಾರಗಳಲ್ಲಿಯೂ ತತ್ತಿ ಗಿಣ್ಣುಗಳನ್ನು ತಿನ್ನಬಾರದೆಂದು ವಿಧಿಸಿತು. 13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಉಪವಾಸವನ್ನು ಕುರಿತು ಬರೆಯುವಾಗ ಇದೇ ಪದ್ಧತಿಯನ್ನು ಸಮರ್ಥಿಸಿದರು. ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಮಾಂಸ, ಮೀನು, ತತ್ತಿ, ಹಾಲುಗಳನ್ನು ಬಿಡುವ 50 ದಿನಗಳ ನೋಂಬು ಇಂದಿಗೂ ಉಳಿದುಬಂದಿದೆ.

ಆದರೆ ಕೋಳಿಗಳಿಗೆ ತಪಸ್ಸುಕಾಲವೆಂದರೇನು ಗೊತ್ತು? ಯುರೋಪಿನಲ್ಲಿ ಚಳಿಗಾಲದ ಹಗಲು ಬಹಳ ಮೊಟಕು. ಬೆಳಕು ಕಡಿಮೆಯಾದಾಗ ಕೋಳಿಗಳು ತತ್ತಿಯಿಡುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತವೆ. ವಸಂತ ಕಾಲ ಬಂದು ಹಗಲು ದೀರ್ಘವಾಗುತ್ತಿದ್ದಂತೆ ಅವು ಮತ್ತೆ ಇಡತೊಡಗುತ್ತವೆ. ಸರಿಯಾಗಿ ಅದೇ ವೇಳೆಗೆ ತಪಸ್ಸುಕಾಲವು ಬರುತ್ತದೆ. ತಿನ್ನುವವರಿಲ್ಲದೆ ತತ್ತಿಗಳು ಮನೆಮನೆಯಲ್ಲಿಯೂ ರಾಶಿಯಾಗುತ್ತಿದ್ದವು. ಕೆಲವನ್ನು ಮರಿ ಮಾಡಿಸಲು ಇಡುತ್ತಿದ್ದರು, ಕೆಲವನ್ನು ಬೇಯಿಸಿ ಇಡುತ್ತಿದ್ದರು. ಜರ್ಮನ್ ನಾಡುಗಳ ಒಕ್ಕಲು ಮಕ್ಕಳು ಪಾಸ್ಖದ ವೇಳೆಗೆ ಭೂಮಿಯ ಒಡೆಯರಿಗೆ ಸಲ್ಲಿಸಬೇಕಾದ ಗೇಣಿಯ ಒಂದಂಶವನ್ನು ತತ್ತಿಯ ರೂಪದಲ್ಲಿಯೇ ಸಲ್ಲಿಸುತ್ತಿದ್ದರು. ಮಿಕ್ಕಿದ್ದು ಹಬ್ಬದ ದಿನ ಮಕ್ಕಳಿಗೂ ಆಳುಗಳಿಗೂ ಬಡವರಿಗೂ ಹಂಚಿಹೋಗುತ್ತಿತ್ತು.

ಅರಸರೂ ಈ ಅಗ್ಗದ ಕಾಣಿಕೆಯನ್ನು ಕಡೆಗಣಿಸಲಿಲ್ಲ. ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ದೊರೆಯ ಅರಮನೆಯ 1290ರ ಲೆಕ್ಕಪತ್ರದಲ್ಲಿ 450 ತತ್ತಿಗಳಿಗಾಗಿ 18 ಪೆನ್ನಿಗಳನ್ನು ವೆಚ್ಚ ಮಾಡಿದ ದಾಖಲೆಯಿದೆ. ಅವುಗಳಿಗೆ ಬಣ್ಣವನ್ನೂ ಚಿನ್ನದ ರೇಕನ್ನೂ ಹಚ್ಚಿಸಿ ಅರಮನೆಯವರಿಗೆ ಹಂಚಲಾಯಿತು. ಲೆಕ್ಕ ಹಾಕಿದರೆ ಒಂದು ಪೆನ್ನಿಗೆ 25 ತತ್ತಿಗಳು! ಮೇಲಿನ ಚಿನ್ನದ ರೇಕನ್ನು ತೆಗೆದುಹಾಕಿದರೆ ಒಳಗಿದ್ದುದು ಒಕ್ಕಲಿಗನ ಗೂಡಿನ ತತ್ತಿಯೇ.

ಧರ್ಮಸಭೆಯು ಈ ರೂಢಿಯನ್ನು ಆಶೀರ್ವದಿಸಿತು. 1614ರಲ್ಲಿ ಜಗದ್ಗುರು ಐದನೆಯ ಪೌಲರ ಅಪ್ಪಣೆಯಂತೆ ಪ್ರಕಟವಾದ ರೋಮನ್ ವಿಧಿಗ್ರಂಥದಲ್ಲಿ ಪಾಸ್ಖದ ತತ್ತಿಗಳನ್ನು ಆಶೀರ್ವದಿಸುವ ಪ್ರಾರ್ಥನೆಯೇ ಇದೆ. ಪೋಲೆಂಡ್ ದೇಶದವರು ಪವಿತ್ರ ಶನಿವಾರದಂದು ತತ್ತಿ, ರೊಟ್ಟಿ, ಉಪ್ಪುಗಳನ್ನು ಬುಟ್ಟಿಯಲ್ಲಿಟ್ಟು ದೇವಾಲಯಕ್ಕೆ ತಂದು ಆಶೀರ್ವಾದ ಮಾಡಿಸುತ್ತಾರೆ. ಇಟಲಿಯ ಹಳ್ಳಿಗಳಲ್ಲಿ ಹಬ್ಬದ ಕಾಲಕ್ಕೆ ಮನೆಗಳನ್ನು ಆಶೀರ್ವದಿಸಲು ಬಂದ ಗುರುಗಳಿಗೆ ಮನೆಯವರು ತತ್ತಿಗಳನ್ನೇ ಕಾಣಿಕೆಯಾಗಿ ಕೊಡುತ್ತಿದ್ದರು. ಹಣವಿಲ್ಲದವನ ಮನೆಯಲ್ಲಿಯೂ ಒಂದು ಕೋಳಿ ಇರುತ್ತಿತ್ತು. ಬರಿಗೈಯಲ್ಲಿ ಸ್ವಾಮಿಗಳನ್ನು ಕಳುಹಿಸುವ ಸಂಕೋಚ ಅವನಿಗೆ ಬರುತ್ತಿರಲಿಲ್ಲ.

ಕಾಲಕ್ರಮೇಣ ನಿಯಮವು ಸಡಿಲವಾಯಿತು. 1917ರ ಧರ್ಮಸಭೆಯ ಕಾನೂನು ಸಂಹಿತೆಯು ಮಾಂಸವನ್ನು ಮಾತ್ರ ನಿಷೇಧಿಸಿ ತತ್ತಿ ಹಾಲುಗಳಿಗೆ ಅವಕಾಶವಿತ್ತಿತು. 1966ರಲ್ಲಿ ಜಗದ್ಗುರು ಆರನೆಯ ಪೌಲರು ಪ್ರಾಯಶ್ಚಿತ್ತವನ್ನು ಕುರಿತು ಹೊರಡಿಸಿದ ಶಾಸನವೂ ಅದನ್ನೇ ದೃಢಪಡಿಸಿತು. ಈ ಸೌಲಭ್ಯಕ್ಕಾಗಿ ನಾವು ಕೃತಜ್ಞರೇ. ಆದರೆ ಸೌಲಭ್ಯದ ಜೊತೆಗೆ ಒಂದು ನೆನಪು ಮರೆಯಾಯಿತು. ಹಬ್ಬದ ತತ್ತಿಯು ಕೊಂಡು ತಂದುದಲ್ಲ, ತ್ಯಾಗ ಮಾಡಿ ಉಳಿಸಿದ್ದು ಎಂಬ ನೆನಪದು.

ಹುಡುಕಾಟದ ಹುಟ್ಟು

ತತ್ತಿಯನ್ನು ಕೊಡುವುದು ಸರಿ, ಬಚ್ಚಿಟ್ಟು ಹುಡುಕಿಸುವುದೇಕೆ? ಈ ಪದ್ಧತಿಯ ಹಳೆಯ ಲಿಖಿತ ವಿವರಣೆ 1682ರಷ್ಟು ಹಿಂದಿನದು. ಗೆಯೋರ್ಗ್ ಫ್ರಾಂಕ್ ಎಂಬ ಜರ್ಮನ್ ವೈದ್ಯನು ಪಾಸ್ಖದ ತತ್ತಿಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಆಲ್ಸೇಸ್ ಮತ್ತು ಅದರ ಸುತ್ತಲಿನ ನಾಡುಗಳ ರೂಢಿಯನ್ನು ಬಣ್ಣಿಸಿದ್ದಾನೆ. ಮೊಲವು ತೋಟದ ಹುಲ್ಲು ಪೊದೆಗಳಲ್ಲಿ ತತ್ತಿಗಳನ್ನಿಟ್ಟು ಹೋಗಿದೆಯೆಂದು ಮಕ್ಕಳಿಗೆ ಕಥೆ ಹೇಳಿ ಹುಡುಕಿಸುತ್ತಿದ್ದರಂತೆ. ಮಕ್ಕಳ ಹುಡುಕಾಟವನ್ನು ನೋಡಿ ಹಿರಿಯರು ನಗುತ್ತಿದ್ದರಂತೆ. ತತ್ತಿಯನ್ನು ಮಿತಿಮೀರಿ ತಿಂದರೆ ಹೊಟ್ಟೆ ಕೆಡುತ್ತದೆಂದು ಎಚ್ಚರಿಸುವುದನ್ನೂ ಆ ವೈದ್ಯನು ಮರೆತಿಲ್ಲ. ವೈದ್ಯರ ಸ್ವಭಾವ ಎಲ್ಲ ಕಾಲಕ್ಕೂ ಒಂದೇ!

ಜರ್ಮನ್ ವಲಸೆಗಾರರ ಸಂಗಡ ಈ ಆಟವು ಅಮೆರಿಕೆಗೂ, ರಾಜಮನೆತನಗಳ ಸಂಬಂಧದಿಂದ ಇಂಗ್ಲೆಂಡಿನ ಅರಮನೆಗೂ ಹೋಯಿತು. ಮುಂದೆ ವಿಕ್ಟೋರಿಯಾ ರಾಣಿಯಾದ ಬಾಲಕಿಯು 1833ರ ಏಪ್ರಿಲ್ 7ರಂದು, ಜರ್ಮನ್ ಮನೆತನದಿಂದ ಬಂದ ತನ್ನ ತಾಯಿಯು ಬಣ್ಣ ಹಚ್ಚಿದ ತತ್ತಿಗಳನ್ನು ತಾವು ಹುಡುಕಿದುದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಅಲ್ಲಿಯವರೆಗೂ ಅರಮನೆಯಾದರೇನು, ಗುಡಿಸಲಾದರೇನು, ಹುಡುಕುತ್ತಿದ್ದುದು ಕೋಳಿಯ ತತ್ತಿಯನ್ನೇ. ಅನಂತರ ಕಾರ್ಖಾನೆಗಳ ಕಾಲ ಬಂದಿತು. ಇಂಗ್ಲೆಂಡಿನಲ್ಲಿ 1873ರಲ್ಲಿ ಫ್ರೈ ಸಂಸ್ಥೆಯೂ 1875ರಲ್ಲಿ ಕ್ಯಾಡ್‌ಬರಿ ಸಂಸ್ಥೆಯೂ ಚಾಕೊಲೇಟಿನ ತತ್ತಿಗಳನ್ನು ತಯಾರಿಸತೊಡಗಿದವು. 1885ರಲ್ಲಿ ರಷ್ಯದ ಚಕ್ರವರ್ತಿ ಮೂರನೆಯ ಅಲೆಕ್ಸಾಂಡರನು ತನ್ನ ರಾಣಿಗೆ ಕೊಡಲು ಫ್ಯಾಬರ್ಜೆ ಎಂಬ ಅಕ್ಕಸಾಲೆಯಿಂದ ತತ್ತಿಯೊಂದನ್ನು ಮಾಡಿಸಿದನು. ಅದರ ಹೊರಗೆ ಬಿಳಿಯ ಎನಾಮಲ್, ಒಳಗೆ ಚಿನ್ನದ ಭಂಡಾರ, ಅದರೊಳಗೆ ಚಿನ್ನದ ಕೋಳಿ. ಹೀಗೆ ಉಪವಾಸದ ಉಳಿತಾಯವಾಗಿದ್ದ ವಸ್ತುವು ಹಣದ ವಸ್ತುವಾಯಿತು. ದೂರದ ಪಟ್ಟಣದಲ್ಲಿ ನಾವು ತರಿಸಿದ ಪ್ಲಾಸ್ಟಿಕ್ ತತ್ತಿಗಳ ವಂಶಾವಳಿಯೂ ಇದೇ.

ಆದರೂ ಹುಡುಕಾಟದಲ್ಲಿ ಸತ್ಯಾಂಶವುಂಟು. ಪುನರುತ್ಥಾನದ ಹಬ್ಬವು ಆರಂಭವಾಗುವುದೇ ಒಂದು ಹುಡುಕಾಟದಿಂದ. ಇನ್ನೂ ಕತ್ತಲಿರುವಾಗಲೇ ಸ್ತ್ರೀಯರು ಸಮಾಧಿಗೆ ಹೋದರು, ಹುಡುಕಿದರು, ಕಾಣದೆ ಕಳವಳಗೊಂಡರು. 10ನೆಯ ಶತಮಾನದ ಮಠಗಳಲ್ಲಿ ಪಾಸ್ಖದ ಮುಂಜಾನೆ ಈ ಪ್ರಸಂಗವನ್ನು ಸಣ್ಣ ಸಂವಾದವನ್ನಾಗಿ ಹಾಡುತ್ತಿದ್ದರು. ಯಾರನ್ನು ಹುಡುಕುತ್ತಿದ್ದೀರೆಂಬ ದೇವದೂತನ ಪ್ರಶ್ನೆಯಿಂದ ಅದು ಮೊದಲಾಗುತ್ತಿತ್ತು. ಮಗ್ದಲದ ಮರಿಯಳು ಪ್ರಭುವನ್ನು ಎದುರಿಗೇ ಕಂಡರೂ ತೋಟಗಾರನೆಂದು ಭ್ರಮಿಸಿದಳು. ಪ್ರಭುವು ಆಕೆಯನ್ನು ಹೆಸರು ಹಿಡಿದು ಕರೆದಾಗಲೇ ಆಕೆಗೆ ಗುರುತು ಹತ್ತಿದ್ದು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ನಮ್ಮ ನೆಲದಲ್ಲಿ ತತ್ತಿ

ಯುರೋಪಿನ ರೂಢಿಯನ್ನು ಯಥಾವತ್ತಾಗಿ ಬಸವಕಲ್ಯಾಣಕ್ಕೆ ತಂದಿಡಲಾಗದು. 325ರ ನೈಸಿಯ ಮಹಾಸಭೆಯ ಅನಂತರ ನೆಲೆಗೊಂಡ ಗಣನೆಯಂತೆ ಪಾಸ್ಖವು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬರುತ್ತದೆ. ಅಲ್ಲಿ ಅದು ಹಿಮ ಕರಗಿ ಹೂವರಳುವ ಕಾಲ. ಇಲ್ಲಿ ಹೊಲ ಒಣಗಿ ಬಿರುಕು ಬಿಡುವ ಕಡುಬೇಸಗೆ. ಬಿಸಿಲಿನ ಝಳಕ್ಕೆ ನಮ್ಮ ಕೋಳಿಗಳು ತತ್ತಿಯಿಡುವುದು ಇಳಿಮುಖವಾಗುತ್ತದೆ. ಜವಾರಿ ಕೋಳಿ ಸಾಕಿದ ಮನೆಯಾಕೆಯಾದರೂ ಅದರ ತತ್ತಿಗೆ ಹೆಚ್ಚಿನ ಬೆಲೆ ಬರುವುದರಿಂದ ಮಾರಿ ಎಣ್ಣೆ ಉಪ್ಪು ತರುತ್ತಾಳೆಯೇ ಹೊರತು ತನ್ನ ಮಕ್ಕಳಿಗೆ ಬೇಯಿಸಿ ಹಾಕುವುದು ಅಪರೂಪ. ತತ್ತಿ ನಮಗೆ ಹೇರಳವಾಗಿ ಮಿಕ್ಕುವ ವಸ್ತುವಲ್ಲ. ಎಣಿಸಿ ಇಡುವ ವಸ್ತು.

ಇದಕ್ಕೆ ಸರಕಾರದ ಕ್ರಮವೊಂದೇ ಸಾಕ್ಷಿ. 2021ರ ಡಿಸೆಂಬರಿನಲ್ಲಿ ಕರ್ನಾಟಕ ಸರಕಾರವು ಶಾಲೆಯ ಮಧ್ಯಾಹ್ನದ ಊಟದ ಜೊತೆಗೆ ಬೇಯಿಸಿದ ತತ್ತಿಯನ್ನು ಕೊಡಲು ಆರಂಭಿಸಿದಾಗ ಮೊದಲು ಆರಿಸಿಕೊಂಡುದು ಏಳು ಜಿಲ್ಲೆಗಳನ್ನು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯಪುರಗಳೇ ಆ ಜಿಲ್ಲೆಗಳು. ಮಕ್ಕಳ ಅಪೌಷ್ಟಿಕತೆ ಮತ್ತು ರಕ್ತಹೀನತೆ ಇಲ್ಲಿ ಹೆಚ್ಚೆಂಬುದೇ ಕಾರಣ. ಆಗ ಕೆಲವು ಮಠಾಧಿಪತಿಗಳಿಂದ ವಿರೋಧವೂ ಬಂದಿತು. ತತ್ತಿ ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನು ಕೊಡುವ ಏರ್ಪಾಡು ಆಯಿತು. ಮುಂದೆ ಈ ಯೋಜನೆಯು ರಾಜ್ಯದ ಇತರ ಜಿಲ್ಲೆಗಳಿಗೂ ವಿಸ್ತರಿಸಿತು.

ಇದರಿಂದ ನಾವು ಎರಡು ಪಾಠಗಳನ್ನು ಕಲಿಯಬೇಕು. ಮೊದಲನೆಯದು, ಇಲ್ಲಿಯ ಮಗುವಿನ ಕೈಯಲ್ಲಿಡುವ ತತ್ತಿಯು ಕೇವಲ ಆಟದ ಸಾಮಾನಲ್ಲ, ಅದು ಆಹಾರ. ಆದುದರಿಂದ ಎಸೆದಾಡಿ ಹಾಳುಮಾಡುವುದು ಪಾಪ. ಎರಡನೆಯದು, ನಮ್ಮ ನೆರೆಹೊರೆಯಲ್ಲಿ ತತ್ತಿಯನ್ನು ಮುಟ್ಟದ ಮನೆಗಳು ಅನೇಕವುಂಟು. ಶರಣರ ನೆಲದಲ್ಲಿ ಬಾಳುವ ನಾವು ಅವರ ಮಕ್ಕಳನ್ನು ನಮ್ಮ ಹಬ್ಬಕ್ಕೆ ಕರೆಯುವುದಾದರೆ ಅವರ ಮನೆಯ ಆಚಾರಕ್ಕೆ ನೋವಾಗದಂತೆ ಕರೆಯಬೇಕು. ತತ್ತಿಗೆ ನಮ್ಮ ಬಜಾರದಲ್ಲಿ ನಾಲ್ಕು ಹೆಸರುಗಳಿರುವಂತೆ ನಮ್ಮ ಹಬ್ಬದ ಬುಟ್ಟಿಗೂ ನಾಲ್ಕು ಬಗೆಯ ಮಕ್ಕಳನ್ನು ಒಳಗೊಳ್ಳುವ ಅಗಲ ಬೇಕು.

ಅಗ್ಗವಾಗಿ ನಡೆಸುವ ಬಗೆ

ಇತಿಹಾಸವು ಹೇಳಿದುದನ್ನು ಆಚರಣೆಗೆ ತರುವ ಕ್ರಮವನ್ನು ಈಗ ಸಂಕ್ಷೇಪವಾಗಿ ನಿವೇದಿಸುತ್ತೇವೆ. ಬೂದಿ ಬುಧವಾರದ ಅನಂತರ ಶುಭ ಶುಕ್ರವಾರವೂ ಸೇರಿ ಏಳು ಶುಕ್ರವಾರಗಳು ಬರುತ್ತವೆ. ಪ್ರತಿಯೊಂದು ಶುಕ್ರವಾರವೂ ಮನೆಯವರು ಒಂದು ತತ್ತಿಯನ್ನು ತ್ಯಜಿಸಿ ಅದರ ಬೆಲೆಯನ್ನು ಡಬ್ಬಿಯಲ್ಲಿ ಹಾಕಲಿ. ತತ್ತಿಯನ್ನೇ ಕೂಡಿಡಬಾರದು, ನಮ್ಮ ಬಿಸಿಲಿಗೆ ಅದು ಕೆಟ್ಟುಹೋಗುತ್ತದೆ. ಒಂದು ತತ್ತಿಗೆ ಏಳು ರೂಪಾಯಿಯೆಂದು ಹಿಡಿದರೆ ಒಂದು ಮನೆಯಿಂದ 49 ರೂಪಾಯಿಗಳಾದವು. 40 ಮಕ್ಕಳಿಗೆ ತಲಾ ಎರಡರಂತೆ 80 ತತ್ತಿಗಳು ಬೇಕು. ಒಡೆಯುವವು, ಕೆಡುವವು ಎಂದು ಹತ್ತನ್ನು ಸೇರಿಸಿದರೆ 90, ಅಂದರೆ ಮೂವತ್ತರ ಮೂರು ಟ್ರೇಗಳು. ಅದರ ವೆಚ್ಚ 630 ರೂಪಾಯಿ. ಹದಿಮೂರು ಮನೆಗಳ ಡಬ್ಬಿಗಳಲ್ಲಿ 637 ರೂಪಾಯಿಗಳಿರುತ್ತವೆ! ಹದಿಮೂರು ಮನೆಗಳ ಚಿಕ್ಕ ಸಭೆಯೂ ಯಾರಿಂದಲೂ ಚಂದಾ ಎತ್ತದೆ 40 ಮಕ್ಕಳ ಹಬ್ಬವನ್ನು ನಡೆಸಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬಣ್ಣಕ್ಕೆ ಹಣವೇ ಬೇಡ. ಉಳ್ಳಾಗಡ್ಡಿಯ ಒಣ ಸಿಪ್ಪೆಯನ್ನು ಬಜಾರದಲ್ಲಿ ರಾಶಿಗಟ್ಟಲೆ ಎಸೆಯುತ್ತಾರೆ. ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಅದನ್ನು ಅರ್ಧ ಗಂಟೆ ಕುದಿಸಿ ಸೋಸಿದರೆ ಕೆಂಗಂದು ಬಣ್ಣ ದೊರೆಯುತ್ತದೆ. ಅರಿಶಿನದಿಂದ ಹಳದಿ, ಬೀಟ್‌ರೂಟಿನಿಂದ ನಸುಗೆಂಪು. ಒಂದು ಚಮಚ ವಿನಿಗರ್ ಬೆರೆಸಿದರೆ ಬಣ್ಣ ಚೆನ್ನಾಗಿ ಹತ್ತುತ್ತದೆ. ಜವಾರಿ ತತ್ತಿಗಿಂತ ಫಾರ್ಮಿನ ಬಿಳಿಯ ತತ್ತಿಯೇ ಇದಕ್ಕೆ ಲೇಸು, ಬೆಲೆಯೂ ಕಡಿಮೆ. ಬೇಯಿಸಿ ಆರಿಸಿದ ತತ್ತಿಯ ಮೇಲೆ ದೇವಾಲಯದಲ್ಲಿ ಉರಿದು ಉಳಿದ ಮೇಣದ ಬತ್ತಿಯ ತುಂಡಿನಿಂದ ಶಿಲುಬೆಯನ್ನು ಬರೆದು, ಆರಿದ ಬಣ್ಣದಲ್ಲಿ ಅದ್ದಿದರೆ, ಮೇಣ ತಾಗಿದ ಜಾಗಕ್ಕೆ ಬಣ್ಣ ಹತ್ತದೆ ಬಿಳಿಯ ಶಿಲುಬೆ ಮೂಡುತ್ತದೆ. ಹೋಳಿಯಲ್ಲಿ ಉಳಿದ ಬಣ್ಣದ ಪುಡಿಯನ್ನು ಮಾತ್ರ ಬಳಸಕೂಡದು. ಅದು ತಿನ್ನುವ ಪದಾರ್ಥಕ್ಕೆ ತಕ್ಕುದಲ್ಲ.

ಇನ್ನು ಬಚ್ಚಿಡುವ ವಿಷಯ. ಬೇಯಿಸಿದ ತತ್ತಿಯನ್ನು ಬೇಸಗೆಯ ಬಿಸಿಲಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡುವುದು ಕ್ಷೇಮವಲ್ಲ. ನಾಯಿ, ಕಾಗೆ, ಇರುವೆಗಳ ಕಾಟವೂ ಉಂಟು. ಆದುದರಿಂದ ತತ್ತಿಗಳನ್ನು ಬುಟ್ಟಿಯಲ್ಲಿ ನೆರಳಿನಲ್ಲಿಟ್ಟು, ಹಳೆಯ ಕ್ಯಾಲೆಂಡರಿನ ದಪ್ಪ ಕಾಗದವನ್ನು ತತ್ತಿಯ ಆಕಾರಕ್ಕೆ ಕತ್ತರಿಸಿ ಅದನ್ನೇ ಬಚ್ಚಿಡುವುದು ಉತ್ತಮ. ಕಲ್ಲಿನ ಸಂದಿಯಲ್ಲಿಯೂ ಕಲ್ಲಿನ ಅಡಿಯಲ್ಲಿಯೂ ಎಂದಿಗೂ ಇಡಬಾರದು. ಬೇಸಗೆಯಲ್ಲಿ ಅಲ್ಲಿ ಚೇಳುಗಳಿರುತ್ತವೆ. ತತ್ತಿಯನ್ನು ಬೇಡಿದ ಮಗುವಿಗೆ ಚೇಳನ್ನು ಕೊಡುವ ತಂದೆ ಉಂಟೇ ಎಂಬ ಪ್ರಭುವಿನ ಪ್ರಶ್ನೆಯು ನಮ್ಮ ಸೀಮೆಯಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಕಿಟಕಿಯ ಕಟ್ಟೆ, ಮೆಟ್ಟಿಲು, ಹೂವಿನ ಕುಂಡ, ಗಿಡದ ತಗ್ಗಿನ ಕೊಂಬೆಗಳೇ ಸಾಕು. ಬೆಳಗಿನ ಬಲಿಪೂಜೆ ಮುಗಿದೊಡನೆ, ಬಿಸಿಲೇರುವ ಮೊದಲು ಆಟವು ನಡೆಯಬೇಕು. 1951ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್‌ರು ಪಾಸ್ಖ ಜಾಗರಣೆಯನ್ನು ಶನಿವಾರದ ಬೆಳಗಿನಿಂದ ರಾತ್ರಿಗೆ ಮರಳಿಸುವ ಕಾರ್ಯವನ್ನು ಆರಂಭಿಸಿದ ಅನಂತರ ಹಿರಿಯರು ರಾತ್ರಿಯ ಜಾಗರಣೆಯಿಂದ ದಣಿದಿರುತ್ತಾರೆ. ಬಚ್ಚಿಡುವ ಹೊಣೆಯನ್ನು ಧರ್ಮೋಪದೇಶದ ಹಿರಿಯ ವಿದ್ಯಾರ್ಥಿಗಳಿಗೆ ವಹಿಸಬಹುದು. ಎಷ್ಟನ್ನು ಎಲ್ಲೆಲ್ಲಿ ಇಟ್ಟೆವೆಂಬುದನ್ನು ಅವರು ಬರೆದಿಟ್ಟುಕೊಳ್ಳಲಿ.

ಎಲ್ಲಕ್ಕಿಂತ ಮುಖ್ಯವಾದುದು ಹಂಚಿಕೆಯ ನಿಯಮ. ವಿಮೋಚನಾಕಾಂಡದ 16ನೆಯ ಅಧ್ಯಾಯದಲ್ಲಿ ಇಸ್ರಯೇಲರು ಮನ್ನವನ್ನು ಕೂಡಿಸಿಕೊಂಡಾಗ ಹೆಚ್ಚು ಕೂಡಿಸಿದವರಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವರಿಗೆ ಕೊರತೆಯಾಗಲಿಲ್ಲ. ನಮ್ಮ ಆಟವೂ ಹಾಗಿರಬೇಕಾದರೆ ಪ್ರತಿಯೊಂದು ಕಾಗದದ ತತ್ತಿಯ ಮೇಲೆ ಒಂದು ಮಗುವಿನ ಹೆಸರನ್ನು ಬರೆಯಬೇಕು. ಮಗುವು ತನ್ನ ಹೆಸರಿನದನ್ನು ಹುಡುಕಬೇಕು. ಬೇರೆಯವರ ಹೆಸರಿನದು ಕಂಡರೆ ಆ ಮಗುವನ್ನು ಹೆಸರು ಹಿಡಿದು ಕೂಗಿ ಕರೆದು ಕೊಡಬೇಕು. ಓದಲು ಬಾರದ ಕಿರಿಯರಿಗೆ ಹಿರಿಯ ಮಕ್ಕಳು ಓದಿ ಹೇಳಲಿ. ಆಗ ಕಸಿದುಕೊಳ್ಳುವ ಓಟವು ಕರೆದುಕೊಡುವ ಆಟವಾಗುತ್ತದೆ. ಪಾಸ್ಖದ ಮುಂಜಾನೆ ತೋಟದಲ್ಲಿ ಮರಿಯಳ ಕಿವಿಗೆ ಬಿದ್ದುದೂ ಆಕೆಯ ಹೆಸರೇ ಅಲ್ಲವೇ?

ಕಾಗದವನ್ನು ತಂದ ಮಗುವಿಗೆ, ಗುರುಗಳು ಆಶೀರ್ವದಿಸಿದ ಬುಟ್ಟಿಯಿಂದ ಎರಡು ಬಣ್ಣದ ತತ್ತಿಗಳನ್ನು ಕೊಡಬೇಕು. ತತ್ತಿ ತಿನ್ನದ ಮನೆಯ ಮಗುವಿಗೆ ಬಾಳೆಹಣ್ಣು ಅಥವಾ ಶೇಂಗಾ ಉಂಡಿ. ಅದು ಎರಡನೆಯ ದರ್ಜೆಯ ಕೊಡುಗೆಯೆಂದು ಕಾಣದಂತೆ ಪಕ್ಕದ ಬುಟ್ಟಿಯಲ್ಲಿ ಅಷ್ಟೇ ಅಂದವಾಗಿ ಜೋಡಿಸಿರಬೇಕು. ಕೊನೆಯದಾಗಿ, ಹೆಸರು ಬರೆಯದ ಹತ್ತು ಖಾಲಿ ಕಾಗದಗಳನ್ನೂ ಒಂದು ಪೆನ್ಸಿಲನ್ನೂ ಗೇಟಿನ ಬಳಿ ಒಬ್ಬರ ಕೈಯಲ್ಲಿ ಕೊಟ್ಟಿರಬೇಕು. ಕರೆಯದೆ ಬಂದ ಮಗುವಿಗಾಗಿ ಅವು. ಅದರ ಹೆಸರನ್ನು ಕೇಳಿ, ಅಲ್ಲಿಯೇ ಬರೆದು, ಬಚ್ಚಿಟ್ಟು, ಒಳಗೆ ಕರೆಯಬೇಕು.

ಮುಕ್ತಾಯ

ಧರ್ಮಬಂಧುಗಳೇ, ನೂರು ವರ್ಷದ ದೇವಾಲಯದ ಮುಂದೆ ಕಾಗದದ ತತ್ತಿಯೇನು ಮಹಾ ಎಂದು ಯಾರಾದರೂ ಕೇಳಬಹುದು. ಗೋಡೆಗಳು ಕಲ್ಲಿನಿಂದ ಏಳುತ್ತವೆ. ಸಭೆಯು ಹೆಸರು ಹಿಡಿದು ಕರೆಯುವುದರಿಂದ ಏಳುತ್ತದೆ. ನಿಮ್ಮ ಹಿರಿಯರು ಈ ದೇವಾಲಯವನ್ನು ಕಟ್ಟಿದ್ದು ಮಿಕ್ಕಿದ ಹಣದಿಂದಲ್ಲ, ತಾವು ತಿನ್ನದೆ ಉಳಿಸಿದ್ದರಿಂದ. ಪಾಸ್ಖದ ತತ್ತಿಯ ಇತಿಹಾಸವು ಹೇಳುವುದೂ ಅದನ್ನೇ. ಅಂದು ಬೇಲಿಯಾಚೆ ನಿಂತಿದ್ದ ಆ ಇಬ್ಬರು ಮಕ್ಕಳು ಈಗ ಬೆಳೆದು ದೊಡ್ಡವರಾಗಿರಬೇಕು. ಅವರ ಹೆಸರನ್ನು ನಾವು ಕೇಳಲೇ ಇಲ್ಲ. ಆ ಋಣವನ್ನು ತೀರಿಸುವ ಬಗೆ ಒಂದೇ: ಇನ್ನು ಮುಂದೆ ನಮ್ಮ ಯಾವ ಅಂಗಳದ ಬೇಲಿಯಾಚೆಯೂ ಹೆಸರಿಲ್ಲದ ಮಗು ನಿಲ್ಲದಂತೆ ನೋಡಿಕೊಳ್ಳುವುದು.

ಈ ಶತಮಾನೋತ್ಸವದ ಶುಭ ಸಂದರ್ಭದಲ್ಲಿ ಬಸವಕಲ್ಯಾಣ, ಹುಮನಾಬಾದು ಸೀಮೆಯ ನಾವು ನಿಮ್ಮ ಸಂತೋಷದಲ್ಲಿ ಸಂತೋಷಪಡುತ್ತೇವೆ. ಸಮಾಧಿಯ ಕಲ್ಲನ್ನು ಉರುಳಿಸಿ ಎದ್ದುಬಂದ ಪ್ರಭುವು ನಿಮ್ಮ ದೇವಾಲಯವನ್ನೂ, ಅದರ ಅಂಗಳದಲ್ಲಿ ಆಡುವ ಮಕ್ಕಳನ್ನೂ ನೂರ್ಕಾಲ ಹರಸಲೆಂದು ಪ್ರಾರ್ಥಿಸುತ್ತೇವೆ.